ಭಾರಯಂತ್ರವೋ, ಬಿಡಿಭಾರವೋ? ವ್ಯಾಯಾಮ ಶಾಲೆ ತೆರೆಯುವವರು ತೂಗಿ ನೋಡಬೇಕಾದ ಲೆಕ್ಕ

ಜನರ ಬಾಯಲ್ಲಿ 'ಜಿಮ್' ಎಂದೇ ಪರಿಚಿತವಾಗಿರುವ ವ್ಯಾಯಾಮ ಶಾಲೆಯು ಇಂದು ಜಿಲ್ಲಾ ಕೇಂದ್ರಗಳನ್ನು ದಾಟಿ ತಾಲ್ಲೂಕು ಪಟ್ಟಣಗಳನ್ನೂ ತಲುಪಿರುವ ಒಂದು ಸೇವಾ ಉದ್ದಿಮೆಯಾಗಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಸಾಲ ಪಡೆಯಬಹುದಾದ ಸೇವಾ ಚಟುವಟಿಕೆಗಳ ಪಟ್ಟಿಯಲ್ಲಿ ವ್ಯಾಯಾಮ ಶಾಲೆಯೂ ಸೇರಿದೆ. ಈ ಯೋಜನೆಯಲ್ಲಿ 10 ಲಕ್ಷ ರೂಪಾಯಿಯವರೆಗೆ ಸಾಲಕ್ಕೆ ಅವಕಾಶವಿದ್ದು, 'ತರುಣ್' ವರ್ಗದ ಸಾಲವನ್ನು ಪಡೆದು ಸರಿಯಾಗಿ ತೀರಿಸಿದವರಿಗೆ 2024ರಿಂದ ಈ ಮಿತಿಯನ್ನು 20 ಲಕ್ಷಕ್ಕೆ ಏರಿಸಲಾಗಿದೆ. ಹೀಗಾಗಿ ಸ್ವಂತ ಉದ್ಯೋಗ ಬಯಸುವ ಅನೇಕ ಯುವಕ ಯುವತಿಯರ ಗಮನ ಈ ಕ್ಷೇತ್ರದತ್ತ ಹರಿದಿರುವುದು ಸಹಜವೇ ಆಗಿದೆ.

ಆದರೆ ಬಂಡವಾಳ ಕೈಗೆ ಬಂದೊಡನೆ ಎದುರಾಗುವ ಮೊದಲ ಪ್ರಶ್ನೆ, ಅದರಿಂದ ಕೊಳ್ಳಬೇಕಾದುದೇನು ಎಂಬುದು. ಉಪಕರಣ ಮಾರಾಟಗಾರರ ಸಚಿತ್ರ ಪಟ್ಟಿಯಲ್ಲಿ ಥಳಥಳಿಸುವ ಯಂತ್ರಗಳ ಸಾಲು ಕಾಣುತ್ತದೆ. ಇತ್ತ ಅನುಭವಿ ವ್ಯಾಯಾಮಪಟುಗಳಲ್ಲಿ ಹಲವರು, ಯಂತ್ರಗಳೆಲ್ಲ ಆಡಂಬರ, ಕಬ್ಬಿಣದ ದಂಡ ಮತ್ತು ಡಂಬೆಲ್‌ಗಳಿದ್ದರೆ ಸಾಕು ಎನ್ನುತ್ತಾರೆ. ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಆಯ್ಕೆ ತಪ್ಪಿದಲ್ಲಿ ಯಂತ್ರಗಳು ಧೂಳು ತಿನ್ನುತ್ತಿರುತ್ತವೆ, ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತಿರುತ್ತದೆ. ಆದಕಾರಣ ಈ ಎರಡು ಬಗೆಯ ಉಪಕರಣಗಳ ಗುಣ, ದೋಷ ಹಾಗೂ ವೆಚ್ಚಗಳನ್ನು ಹೂಡಿಕೆದಾರನ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಎರಡು ಬಗೆಯ ಉಪಕರಣಗಳು

ಬಾರ್‌ಬೆಲ್, ಡಂಬೆಲ್, ತೂಕದ ಬಿಲ್ಲೆ ಮುಂತಾದ, ಯಾವ ಚೌಕಟ್ಟಿಗೂ ಕಟ್ಟಿಹಾಕದ ಭಾರಗಳನ್ನು 'ಬಿಡಿಭಾರ' ಎನ್ನಬಹುದು. ಇಲ್ಲಿ ಭಾರವು ಯಾವ ದಿಕ್ಕಿಗಾದರೂ ವಾಲಬಲ್ಲದು. ಅದನ್ನು ಎತ್ತುವುದರ ಜೊತೆಗೆ ಸಮತೋಲನದಲ್ಲಿ ಹಿಡಿದಿಡುವ ಹೊಣೆಯೂ ಎತ್ತುವವನದೇ. ಅಂತಾರಾಷ್ಟ್ರೀಯ ಭಾರ ಎತ್ತುವ ಸ್ಪರ್ಧೆಗಳಲ್ಲಿ ಪುರುಷರ ದಂಡವು 20 ಕಿ.ಗ್ರಾಂ ತೂಕ ಮತ್ತು 2.2 ಮೀಟರ್ ಉದ್ದವಿದ್ದರೆ, ಮಹಿಳೆಯರ ದಂಡವು 15 ಕಿ.ಗ್ರಾಂ ತೂಕ ಮತ್ತು 2.01 ಮೀಟರ್ ಉದ್ದವಿರುತ್ತದೆ. ಹೆಚ್ಚಿನ ವ್ಯಾಯಾಮ ಶಾಲೆಗಳ ದಂಡಗಳೂ ಈ ಅಳತೆಗಳಿಗೆ ಹತ್ತಿರವಾಗಿಯೇ ಇರುತ್ತವೆ.

ಭಾರಯಂತ್ರದಲ್ಲಿ ತೂಕದ ಬಿಲ್ಲೆಗಳು ಒಂದರ ಮೇಲೊಂದು ಕುಳಿತು, ಉಕ್ಕಿನ ಕಂಬಿಗಳ ಗುಂಟ ಮಾತ್ರ ಮೇಲೆ ಕೆಳಗೆ ಸರಿಯುತ್ತವೆ. ಬೇಕಾದ ತೂಕದ ಕೆಳಗೆ ಪಿನ್ ಸಿಕ್ಕಿಸಿದರಾಯಿತು. ಕೇಬಲ್, ರಾಟೆ ಅಥವಾ ಸನ್ನೆಯ ಮೂಲಕ ಆ ತೂಕವು ಹಿಡಿಕೆಗೆ ತಲುಪುತ್ತದೆ. ಕೇಬಲ್ ಯಂತ್ರಗಳಲ್ಲಿ ಕೈ ಯಾವ ದಿಕ್ಕಿಗೂ ಚಲಿಸಬಹುದಾದರೂ, ಉಳಿದ ಬಹುತೇಕ ಯಂತ್ರಗಳಲ್ಲಿ ಚಲನೆಯ ದಾರಿ ಮೊದಲೇ ನಿಗದಿಯಾಗಿರುತ್ತದೆ.

ಯಂತ್ರದ ಬಿಲ್ಲೆಯ ಮೇಲೆ ನಮೂದಾಗಿರುವ ಅಂಕಿಯು ಕೈಗೆ ತಗಲುವ ಭಾರವಲ್ಲ ಎಂಬುದನ್ನು ಖರೀದಿದಾರರು ಗಮನಿಸಬೇಕು. ಒಂದು ಚಲಿಸುವ ರಾಟೆಯನ್ನು ನಡುವೆ ಸೇರಿಸಿದರೆ 40 ಕಿ.ಗ್ರಾಂ ಭಾರಕ್ಕೆ ಸುಮಾರು 20 ಕಿ.ಗ್ರಾಂನಷ್ಟು ಎಳೆತ ಸಾಕಾಗುತ್ತದೆ. ಎರಡು ಕಂಪನಿಗಳ ಯಂತ್ರಗಳನ್ನು ಅಂಕಿಗಳಿಂದ ಮಾತ್ರ ಹೋಲಿಸುವುದು ಇದೇ ಕಾರಣದಿಂದ ವ್ಯರ್ಥ. ಕುಳಿತು ಎಳೆದು ನೋಡಿಯೇ ಕೊಳ್ಳಬೇಕು.

ಗರಡಿಯಿಂದ ಯಂತ್ರದವರೆಗೆ

ಬಿಡಿಭಾರದ ಸಾಮು ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಗದೆ ತಿರುಗಿಸುವುದು, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು ಇಂದಿಗೂ ಉಳಿದು ಬಂದಿರುವ ಪದ್ಧತಿಗಳು. ಗರಡಿಯಲ್ಲಿ ಯಂತ್ರವಿರಲಿಲ್ಲ, ಆದರೆ ಉಸ್ತಾದ್ ಇದ್ದರು. ಯಾರು ಯಾವ ಭಾರವನ್ನು ಯಾವಾಗ ಮುಟ್ಟಬೇಕು, ಯಾರು ಇನ್ನೂ ಕಾಯಬೇಕು ಎಂಬುದು ಅವರ ಕಣ್ಣಳತೆಯಲ್ಲಿತ್ತು.

ಯಂತ್ರಗಳ ಇತಿಹಾಸವೂ ಸಾಕಷ್ಟು ಹಳೆಯದೇ. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಟಾಕ್‌ಹೋಂನಲ್ಲಿ ಸನ್ನೆ ಮತ್ತು ತೂಕಗಳಿಂದ ಕೆಲಸ ಮಾಡುವ ವ್ಯಾಯಾಮ ಯಂತ್ರಗಳನ್ನು ಬಳಕೆಗೆ ತಂದರು. ಅಮೆರಿಕದ ಹೆರಾಲ್ಡ್ ಜಿಂಕಿನ್ 1957ರಲ್ಲಿ ಹಲವರು ಏಕಕಾಲದಲ್ಲಿ ಬಳಸಬಹುದಾದ 'ಯೂನಿವರ್ಸಲ್' ಯಂತ್ರವನ್ನು ರೂಪಿಸಿದರು. 1970ರಲ್ಲಿ ಆರ್ಥರ್ ಜೋನ್ಸ್ ಅವರ 'ನಾಟಿಲಸ್' ಯಂತ್ರ ಮಾರುಕಟ್ಟೆಗೆ ಬಂದಿತು. ಕೈಕಾಲುಗಳ ಬಲವು ಚಲನೆಯುದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಕೆಲವು ಕೋನಗಳಲ್ಲಿ ಹೆಚ್ಚು, ಕೆಲವು ಕೋನಗಳಲ್ಲಿ ಕಡಿಮೆ. ಅದಕ್ಕೆ ತಕ್ಕಂತೆ ಭಾರವೂ ಏರಿಳಿಯಲೆಂದು ಜೋನ್ಸ್ ಶಂಖದಾಕಾರದ ತಿರುಗಾಲಿಯೊಂದನ್ನು ಅಳವಡಿಸಿದರು. ಯಂತ್ರದ ಹೆಸರು ಬಂದಿದ್ದೂ ಆ ಸಮುದ್ರಜೀವಿಯ ಚಿಪ್ಪಿನ ಆಕಾರದಿಂದಲೇ. ಭಾರತದಲ್ಲಿ ಮೀರತ್ ಮತ್ತು ಜಲಂಧರ್ ಕ್ರೀಡಾ ಸಾಮಗ್ರಿ ತಯಾರಿಕೆಗೆ ಹೆಸರಾದ ಕೇಂದ್ರಗಳಾಗಿದ್ದು, ವ್ಯಾಯಾಮ ಉಪಕರಣಗಳೂ ಅಲ್ಲಿಂದ ಪೂರೈಕೆಯಾಗುತ್ತವೆ.

ಸ್ನಾಯುಗಳ ತೀರ್ಪು

ಯಾವುದರಿಂದ ಶಕ್ತಿ ಹೆಚ್ಚು ಬೆಳೆಯುತ್ತದೆ ಎಂಬ ಪ್ರಶ್ನೆಗೆ ಈಗ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಈ ವಿಷಯದ 13 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2023ರಲ್ಲಿ ಪ್ರಕಟವಾಯಿತು. ಬಿಡಿಭಾರದಲ್ಲಿ ತರಬೇತಾದವರು ಬಿಡಿಭಾರದ ಪರೀಕ್ಷೆಯಲ್ಲಿ ಹೆಚ್ಚು ಪ್ರಗತಿ ತೋರಿದರು. ಯಂತ್ರದಲ್ಲಿ ತರಬೇತಾದವರು ಯಂತ್ರದ ಪರೀಕ್ಷೆಯಲ್ಲಿ ಮುಂದಿರುವ ಒಲವು ಕಂಡುಬಂದಿತು. ಸ್ನಾಯುವಿನ ಗಾತ್ರದ ಬೆಳವಣಿಗೆಯಲ್ಲಾಗಲಿ, ಜಿಗಿಯುವ ಸಾಮರ್ಥ್ಯದಲ್ಲಾಗಲಿ ಎರಡರ ನಡುವೆ ಗಣನೀಯ ಅಂತರ ಕಾಣಲಿಲ್ಲ. ಅರ್ಥಾತ್, ಯಾವುದನ್ನು ಅಭ್ಯಾಸ ಮಾಡುತ್ತಾರೆಯೋ ಅದರಲ್ಲಿ ಪಳಗುತ್ತಾರೆ. ಸ್ನಾಯುವಿಗೆ ಮಾತ್ರ ತನ್ನ ಮೇಲೆ ಬಿದ್ದ ಭಾರ ಎಲ್ಲಿಂದ ಬಂತೆಂಬ ಭೇದವಿಲ್ಲ.

ಕ್ರೀಡಾಪಟುಗಳ ವಿಚಾರ ಬೇರೆ. ಕುಂದಾಪುರ ಭಾಗದ ಗುರುರಾಜ ಪೂಜಾರಿ ಅವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿ.ಗ್ರಾಂ ವಿಭಾಗದಲ್ಲಿ ಒಟ್ಟು 249 ಕಿ.ಗ್ರಾಂ ಎತ್ತಿ ಬೆಳ್ಳಿಯ ಪದಕ ಪಡೆದರು. ಅಂಥ ಸ್ಪರ್ಧೆಗೆ ಸಿದ್ಧರಾಗುವವರು ಬಾರ್‌ಬೆಲ್‌ನಲ್ಲಿಯೇ ಅಭ್ಯಾಸ ಮಾಡಬೇಕು, ಅನ್ಯ ಮಾರ್ಗವಿಲ್ಲ. ಆದರೆ ಪಟ್ಟಣದ ವ್ಯಾಯಾಮ ಶಾಲೆಗೆ ಬರುವ ಅಂಗಡಿ ಮಾಲೀಕರು, ಶಿಕ್ಷಕಿಯರು, ಬ್ಯಾಂಕ್ ನೌಕರರು, ಕಾಲೇಜು ವಿದ್ಯಾರ್ಥಿಗಳು ಬಯಸುವುದು ಆರೋಗ್ಯ ಮತ್ತು ಮೈಕಟ್ಟನ್ನು. ವಯಸ್ಕರು ವಾರದಲ್ಲಿ ಕನಿಷ್ಠ ಎರಡು ದಿನ ಎಲ್ಲ ಪ್ರಮುಖ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಉಪಕರಣ ಯಾವುದಿರಬೇಕೆಂದು ಅದು ಕಟ್ಟುಪಾಡು ವಿಧಿಸಿಲ್ಲ. ಸದಸ್ಯರು ವರ್ಷಗಟ್ಟಲೆ ತಪ್ಪದೆ ಬರುವಂತೆ ಮಾಡುವ ಉಪಕರಣವೇ ವ್ಯಾಪಾರದ ದೃಷ್ಟಿಯಿಂದಲೂ, ಆರೋಗ್ಯದ ದೃಷ್ಟಿಯಿಂದಲೂ ಉತ್ತಮ ಉಪಕರಣ.

ಅಪಾಯದ ಲೆಕ್ಕ

ಗಾಯದ ವಿಚಾರದಲ್ಲಿ ಯಂತ್ರಗಳ ಪರವಾಗಿ ಆಗಾಗ ಉಲ್ಲೇಖವಾಗುವ ಅಧ್ಯಯನವೊಂದಿದೆ. 1990ರಿಂದ 2007ರವರೆಗೆ ಅಮೆರಿಕದ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ ಭಾರ ವ್ಯಾಯಾಮದ ಗಾಯಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಶೇ. 90ರಷ್ಟು ಗಾಯಗಳು ಬಿಡಿಭಾರಕ್ಕೆ ಸಂಬಂಧಿಸಿದವಾಗಿದ್ದವು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಎಷ್ಟು ಜನ ಎಷ್ಟು ಗಂಟೆ ಯಾವ ಉಪಕರಣವನ್ನು ಬಳಸಿದರು ಎಂಬುದು ಅದರಲ್ಲಿ ಸೇರಿಲ್ಲ. ಮನೆಯ ಮೂಲೆಯಲ್ಲಿ ಒಂಟಿಯಾಗಿ ಡಂಬೆಲ್ ಎತ್ತುವವರೂ ಅದರೊಳಗಿದ್ದಾರೆ.

ಗಾಯವಾದ ಬಗೆಯನ್ನು ಕುರಿತು ಅದೇ ವರದಿ ಹೇಳುವ ಮಾತು ಮಾಲೀಕರಿಗೆ ಹೆಚ್ಚು ಉಪಯುಕ್ತ. ಸುಮಾರು ಮೂರನೇ ಎರಡರಷ್ಟು ಪ್ರಕರಣಗಳಲ್ಲಿ ಭಾರವು ಮೈಮೇಲೆ ಬಿದ್ದಿದ್ದೇ ಗಾಯಕ್ಕೆ ಕಾರಣವಾಗಿತ್ತು. ಇದು ತಡೆಯಬಹುದಾದ ಅಪಾಯ. ದಂಡದ ತುದಿಗೆ ಬಿಗಿಯುವ ಕಾಲರ್, ಕೈಸೋತಾಗ ದಂಡವನ್ನು ಹಿಡಿಯುವ ಅಡ್ಡಕಂಬಿಗಳಿರುವ ರ‍್ಯಾಕ್, ಬಳಸಿದ ಡಂಬೆಲ್ ಮರಳಿ ಇಡಲು ಗೊತ್ತಾದ ಸ್ಥಳ, ಮತ್ತು ಬೆಂಚಿನ ತಲೆಭಾಗದಲ್ಲಿ ನಿಂತು ಕಾಯುವ ಒಬ್ಬ ಸಹಾಯಕ: ಇಷ್ಟಿದ್ದರೆ ಈ ಬಗೆಯ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಅಡ್ಡಕಂಬಿಯಿಲ್ಲದ ಬೆಂಚ್ ಅಗ್ಗವಾಗಿ ದೊರೆತರೂ ಅದನ್ನು ಕೊಳ್ಳದಿರುವುದೇ ಕ್ಷೇಮ.

ಯಂತ್ರಗಳೂ ನಿರಪಾಯಕಾರಿಯಲ್ಲ. ಸವೆದ ಕೇಬಲ್ ಹರಿದರೆ, ಸರಿಯಾಗಿ ಕೂರದ ಪಿನ್ ಜಾರಿದರೆ, ಬಿಲ್ಲೆಗಳ ನಡುವೆ ಬೆರಳು ಸಿಕ್ಕಿದರೆ ಪೆಟ್ಟು ಸಣ್ಣದಾಗಿರುವುದಿಲ್ಲ. ಆಸನದ ಹೊಂದಾಣಿಕೆ ಸೀಮಿತವಾಗಿರುವ ಯಂತ್ರವು ಕುಳ್ಳಗಿನವರಿಗೆ ಅಥವಾ ಬಹಳ ಎತ್ತರದವರಿಗೆ ಒಗ್ಗದೆ ಭುಜ, ಮೊಣಕಾಲುಗಳಿಗೆ ತೊಂದರೆ ಕೊಡುವುದೂ ಉಂಟು.

ಯಂತ್ರದೊಳಗೆ ಅಡಗಿರುವ ಶಿಕ್ಷಕ

ಇಲ್ಲಿಗೆ ವಿಷಯದ ತಿರುಳು ಸ್ಪಷ್ಟವಾಗುತ್ತದೆ. ಹೊಸಬರೊಬ್ಬರು ಭುಜದ ಮೇಲೆ ದಂಡ ಹೊತ್ತು ಬಸ್ಕಿ ಹೊಡೆಯುವಾಗ ಬೆನ್ನು, ಸೊಂಟ, ಮೊಣಕಾಲು, ಪಾದ ಎಲ್ಲವೂ ಸರಿಯಾದ ನೆಲೆಯಲ್ಲಿರಬೇಕು. ಅದನ್ನು ಕಲಿಸಲು ಶಿಕ್ಷಕರು ಎದುರಿಗೆ ನಿಂತು ಹಲವು ದಿನ ತಿದ್ದಬೇಕಾಗುತ್ತದೆ. ಅದೇ ವ್ಯಕ್ತಿಯನ್ನು ಕಾಲಿನಿಂದ ಒತ್ತುವ ಯಂತ್ರದಲ್ಲಿ ಕೂರಿಸಿದರೆ ಆಸನವೇ ಬೆನ್ನನ್ನು ಹಿಡಿಯುತ್ತದೆ, ಕಂಬಿಗಳೇ ಭಾರದ ದಾರಿಯನ್ನು ಕಾಯುತ್ತವೆ. ಕೆಲವೇ ನಿಮಿಷಗಳ ವಿವರಣೆ ಸಾಕಾಗುತ್ತದೆ. ಎಂದರೆ, ಯಂತ್ರ ಕೊಳ್ಳುವವರು ಶಿಕ್ಷಕರ ಕೆಲಸದ ಒಂದು ಪಾಲನ್ನು ಉಕ್ಕಿನ ರೂಪದಲ್ಲಿ ಮುಂಗಡವಾಗಿ ಕೊಳ್ಳುತ್ತಾರೆ. ಬಿಡಿಭಾರ ಕೊಳ್ಳುವವರು ಉಪಕರಣದಲ್ಲಿ ಉಳಿಸಿದ ಹಣವನ್ನು ತಿಂಗಳ ಸಂಬಳದ ರೂಪದಲ್ಲಿ ಶಿಕ್ಷಕರಿಗೆ ಕೊಡಬೇಕಾಗುತ್ತದೆ. ಎರಡನ್ನೂ ಮಾಡದವರ ಶಾಲೆಯಲ್ಲಿ ಮೊದಲು ನೋವು ಕಾಣಿಸಿಕೊಳ್ಳುತ್ತದೆ, ಅನಂತರ ಸದಸ್ಯರು ಕಾಣೆಯಾಗುತ್ತಾರೆ.

ಆದ್ದರಿಂದ ಉಪಕರಣದ ಆಯ್ಕೆಗೆ ಮೊದಲು ಬರುವವರು ಯಾರು, ಕಲಿಸುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಹಿರಿಯರು, ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು, ದಂಡ ಹಿಡಿಯಲು ಅಳುಕುವವರು ಹೆಚ್ಚಾಗಿದ್ದಲ್ಲಿ ಯಂತ್ರಗಳ ಪಾಲು ಹೆಚ್ಚಿರಬೇಕು. ವಿದ್ಯಾರ್ಥಿಗಳು ಮತ್ತು ಕ್ರೀಡಾಪಟುಗಳು ಹೆಚ್ಚಾಗಿದ್ದು, ನುರಿತ ಶಿಕ್ಷಕರು ಬೆಳಿಗ್ಗೆ ಸಂಜೆ ಲಭ್ಯರಿದ್ದಲ್ಲಿ ಬಿಡಿಭಾರವೇ ಪ್ರಧಾನವಾಗಬಹುದು.

ಸ್ಥಳ, ನೆಲ ಮತ್ತು ನಿರ್ವಹಣೆ

ಯಂತ್ರಗಳಲ್ಲಿ ಹೆಚ್ಚಿನವು ಒಂದೊಂದು ಚಲನೆಗೆ ಮಾತ್ರ ಮೀಸಲು. ಇಡೀ ದೇಹದ ವ್ಯಾಯಾಮವನ್ನು ಯಂತ್ರಗಳಿಂದಲೇ ಪೂರೈಸಬೇಕಾದರೆ ಎಂಟು ಹತ್ತು ಯಂತ್ರಗಳಾದರೂ ಬೇಕಾಗುತ್ತವೆ. ಒಂದು ರ‍್ಯಾಕ್, ಒಂದು ದಂಡ, ಒಂದು ಬೆಂಚ್ ಮತ್ತು ಬಿಲ್ಲೆಗಳಿಂದ ಅವುಗಳಲ್ಲಿ ಬಹುಪಾಲು ಕೆಲಸ ಸಾಧ್ಯ. ಹಾಗೆಂದು ರ‍್ಯಾಕಿಗೆ ಸ್ಥಳ ಕಡಿಮೆ ಸಾಕೆಂದು ಭಾವಿಸಬಾರದು. 2.2 ಮೀಟರ್ ಉದ್ದದ ದಂಡದ ಎರಡೂ ತುದಿಗಳಲ್ಲಿ ಬಿಲ್ಲೆ ಹಾಕಿ ತೆಗೆಯಲು, ಪಕ್ಕದಲ್ಲಿ ಇನ್ನೊಬ್ಬರು ಓಡಾಡಲು ಅವಕಾಶ ಬಿಡಬೇಕು.

ಮಹಡಿಯ ಮೇಲೆ ಶಾಲೆ ತೆರೆಯುವವರು ನೆಲದ ಸಾಮರ್ಥ್ಯವನ್ನು ಸಿವಿಲ್ ಎಂಜಿನಿಯರರಿಂದ ಪರೀಕ್ಷಿಸಿಕೊಳ್ಳುವುದು ಅಗತ್ಯ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಗಳ ನೆಲವನ್ನು ಪ್ರತಿ ಚದರ ಮೀಟರಿಗೆ 2 ಕಿಲೊನ್ಯೂಟನ್, ಅಂದರೆ ಸುಮಾರು 200 ಕಿ.ಗ್ರಾಂ ಭಾರಕ್ಕೆ ಲೆಕ್ಕಹಾಕಿ ಕಟ್ಟಲಾಗುತ್ತದೆ. ಬಿಲ್ಲೆ ತುಂಬಿದ ದಂಡ ಮೇಲಿನಿಂದ ಬಿದ್ದಾಗ ಉಂಟಾಗುವ ಆಘಾತವಂತೂ ಬೇರೆಯೇ. ದಪ್ಪ ರಬ್ಬರ್ ಹಾಸು ಶಬ್ದವನ್ನು ತಗ್ಗಿಸುತ್ತದೆಯೇ ಹೊರತು ನೆಲಕ್ಕೆ ಹೆಚ್ಚಿನ ಬಲ ಕೊಡುವುದಿಲ್ಲ.

ನಿರ್ವಹಣೆಯಲ್ಲಿ ಬಿಡಿಭಾರದ ಕಡೆ ತಕ್ಕಡಿ ವಾಲುತ್ತದೆ. ಬಿಲ್ಲೆ, ಡಂಬೆಲ್‌ಗಳಿಗೆ ತುಕ್ಕು ಒರೆಸುವುದು, ತಿರುಪು ಬಿಗಿಯುವುದು ಬಿಟ್ಟರೆ ಹೆಚ್ಚಿನ ಉಪಚಾರ ಬೇಡ. ಯಂತ್ರಗಳಲ್ಲಿ ಕೇಬಲ್, ರಾಟೆಯ ಬೇರಿಂಗ್, ಜಾರುಕಂಬಿಗಳ ಎಣ್ಣೆ, ಆಸನದ ಹೊದಿಕೆ ಇವೆಲ್ಲವನ್ನೂ ನಿಯತವಾಗಿ ನೋಡಿಕೊಳ್ಳಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಕೆಲಸ ಇನ್ನೂ ಹೆಚ್ಚು. ಆಮದು ಮಾಡಿದ ಯಂತ್ರದ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವ ಪ್ರಸಂಗ ಬಂದರೆ, 'ದುರಸ್ತಿಯಲ್ಲಿದೆ' ಎಂಬ ಫಲಕವೇ ಶಾಲೆಯ ಅಪಪ್ರಚಾರಕ್ಕೆ ಸಾಕು. ಖರೀದಿಯ ಮುನ್ನವೇ ದುರಸ್ತಿಯ ಹೊಣೆ, ಅವಧಿ ಮತ್ತು ಬಿಡಿಭಾಗಗಳ ದೊರಕುವಿಕೆಯನ್ನು ಲಿಖಿತವಾಗಿ ಪಡೆಯಬೇಕು. ಮರುಮಾರಾಟದಲ್ಲಿಯೂ ಬಿಲ್ಲೆಗಳು ತೂಕದ ಲೆಕ್ಕದಲ್ಲಿ ಬೆಲೆ ಉಳಿಸಿಕೊಳ್ಳುತ್ತವೆ. ತಯಾರಕರು ಮರೆತ ಯಂತ್ರಕ್ಕೆ ಗಿರಾಕಿ ಸಿಗುವುದು ಕಷ್ಟ.

ಸಾಲ ಮತ್ತು ತೆರಿಗೆ

ಕಂತಿನ ಹೊರೆಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಹೆಚ್ಚುವರಿ ಯಂತ್ರಗಳಿಗೆಂದು 5 ಲಕ್ಷ ರೂಪಾಯಿಯನ್ನು ವಾರ್ಷಿಕ ಶೇ. 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ಪಡೆದರೆ, ತಿಂಗಳ ಕಂತು ಸುಮಾರು 10,870 ರೂಪಾಯಿ ಆಗುತ್ತದೆ. ಸದಸ್ಯರ ಮಾಸಿಕ ಶುಲ್ಕ 1,000 ರೂಪಾಯಿ ಎಂದಿಟ್ಟುಕೊಂಡರೆ, ಹನ್ನೊಂದು ಸದಸ್ಯರು ಐದು ವರ್ಷ ಕಟ್ಟುವ ಹಣವೆಲ್ಲ ಆ ಕಂತಿಗೇ ಸಲ್ಲುತ್ತದೆ. ಆ ಯಂತ್ರಗಳಿಂದಾಗಿ ಅಷ್ಟು ಸದಸ್ಯರು ಹೆಚ್ಚುವರಿಯಾಗಿ ಬಂದು ಉಳಿಯುವರೇ, ಅಥವಾ ಅದೇ ಮೊತ್ತವನ್ನು ಇನ್ನೊಬ್ಬ ಶಿಕ್ಷಕರ ಸಂಬಳಕ್ಕೆ ಸೇರಿಸಿದರೆ ಹೆಚ್ಚು ಜನ ಉಳಿಯುವರೇ ಎಂಬುದನ್ನು ಪ್ರತಿ ಮಾಲೀಕರೂ ತಮ್ಮ ಊರಿನ ಸ್ಥಿತಿಗನುಗುಣವಾಗಿ ಲೆಕ್ಕಹಾಕಬೇಕು.

ತೆರಿಗೆಯಲ್ಲಾದ ಬದಲಾವಣೆಯೂ ಈ ಲೆಕ್ಕವನ್ನು ಮುಟ್ಟುತ್ತದೆ. ವ್ಯಾಯಾಮ ಶಾಲೆಗಳ ಸೇವೆಯ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ಆದರೆ ಇದರೊಂದಿಗೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯ ಇಲ್ಲವಾಯಿತು. ಮೊದಲು ಉಪಕರಣ ಕೊಳ್ಳುವಾಗ ತೆತ್ತ ತೆರಿಗೆಯನ್ನು ನೋಂದಾಯಿತ ಮಾಲೀಕರು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಿದ್ದರು. ಈಗ ಅದು ನೇರವಾಗಿ ವೆಚ್ಚಕ್ಕೆ ಸೇರುತ್ತದೆ. ಉಪಕರಣದ ಮೇಲಿನ ತೆರಿಗೆ ಶೇ. 18 ಎಂದು ಹಿಡಿದರೆ, 10 ಲಕ್ಷದ ಖರೀದಿಗೆ 1 ಲಕ್ಷ 80 ಸಾವಿರ ರೂಪಾಯಿ ಮರಳಿ ಬಾರದ ಖರ್ಚು. ಖಾಯಂ ನೌಕರರಾಗಿರುವ ಶಿಕ್ಷಕರ ಸಂಬಳದ ಮೇಲಾದರೋ ಈ ತೆರಿಗೆ ಇಲ್ಲ. ಹೀಗೆ ಹೊಸ ವ್ಯವಸ್ಥೆಯು ಸದಸ್ಯರ ಶುಲ್ಕದ ಹೊರೆಯನ್ನು ತಗ್ಗಿಸಿದ್ದರೂ, ದುಬಾರಿ ಯಂತ್ರಗಳ ಪಕ್ಷಕ್ಕಿಂತ ಶಿಕ್ಷಕರ ಪಕ್ಷಕ್ಕೆ ಸ್ವಲ್ಪ ಅನುಕೂಲವಾಗಿದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯನ್ನು ಮೀರದೆ, ನೋಂದಣಿಯನ್ನೂ ಮಾಡಿಸದ ಸಣ್ಣ ಶಾಲೆಗಳಿಗೆ ಈ ಜಮೆ ಮೊದಲೂ ಇರಲಿಲ್ಲ. ಖರೀದಿಗೆ ಮುನ್ನ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಲೇಸು.

ಖರೀದಿಯ ಕ್ರಮ

ಸೀಮಿತ ಬಂಡವಾಳದಿಂದ ಆರಂಭಿಸುವ ಶಾಲೆಗೆ ಈ ಕೆಳಗಿನ ಕ್ರಮ ಅನುಸರಣೀಯವಾಗಿದೆ.

1. ಮೊದಲ ಹಂತದಲ್ಲಿ ಅಡ್ಡಕಂಬಿಗಳಿರುವ ರ‍್ಯಾಕ್, 20 ಮತ್ತು 15 ಕಿ.ಗ್ರಾಂ ದಂಡಗಳು, ಸಣ್ಣ ತೂಕದ ಬಿಲ್ಲೆಗಳೂ ಸೇರಿದ ಪೂರ್ಣ ಸಾಲು, ಹೊಂದಿಸಬಹುದಾದ ಬೆಂಚುಗಳು ಮತ್ತು ಜೋಡಿ ಡಂಬೆಲ್‌ಗಳು. ಹಗುರ ಡಂಬೆಲ್‌ಗಳಲ್ಲಿ ಜಿಪುಣತನ ಸಲ್ಲದು. ಬರಿಯ ದಂಡವೇ ಭಾರವಾಗುವ ಹೊಸಬರಿಗೆ ಅವೇ ಆಧಾರ.

2. ಜೊತೆಯಲ್ಲಿಯೇ, ಬಿಡಿಭಾರದಿಂದ ಸುಲಭವಾಗಿ ಆಗದ ಕೆಲಸಗಳಿಗೆ ಮಾತ್ರ ಯಂತ್ರಗಳು. ಕಂಬಿಗೆ ಜೋತು ದೇಹವನ್ನು ಮೇಲೆಳೆಯಲಾರದವರಿಗೆ ಮೇಲಿನಿಂದ ಕೆಳಕ್ಕೆ ಎಳೆಯುವ ಕೇಬಲ್ ಯಂತ್ರ, ತೊಡೆಯ ಹಿಂಭಾಗಕ್ಕೆ ಕಾಲು ಮಡಿಸುವ ಯಂತ್ರ, ಹಿರಿಯರಿಗೆ ಕಾಲಿನಿಂದ ಒತ್ತುವ ಯಂತ್ರ. ಈ ಮೂರು ತಮ್ಮ ಬೆಲೆಯನ್ನು ಬೇಗ ತೀರಿಸುತ್ತವೆ.

3. ಆರು ತಿಂಗಳ ಕಾಲ ಬೆಳಗಿನ ಮತ್ತು ಸಂಜೆಯ ದಟ್ಟಣೆಯ ವೇಳೆಯಲ್ಲಿ ಯಾವ ಉಪಕರಣದ ಮುಂದೆ ಜನ ಕಾಯುತ್ತಾರೆ, ಯಾವುದು ಖಾಲಿ ಇರುತ್ತದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಖರೀದಿಯನ್ನು ಆ ಪುಸ್ತಕವೇ ನಿರ್ಧರಿಸಲಿ.

4. ಉಪಕರಣಕ್ಕೆ ಹಣ ತೆಗೆದಿಡುವಾಗಲೇ ಮೊದಲ ಆರು ತಿಂಗಳ ಶಿಕ್ಷಕರ ಸಂಬಳವನ್ನೂ ಯೋಜನಾ ವರದಿಯಲ್ಲಿ ಸೇರಿಸಿ ಬ್ಯಾಂಕಿನ ಮುಂದಿಡಬೇಕು. ಸದಸ್ಯರು ಗೊತ್ತಾದ ಸಂಖ್ಯೆಗೆ ತಲುಪುವ ಮೊದಲೇ ಶಿಕ್ಷಕರನ್ನು ಕಳೆದುಕೊಳ್ಳುವ ಶಾಲೆಗೆ ಯಾವ ಉಪಕರಣವೂ ನೆರವಾಗದು.

ಭಾರಯಂತ್ರ ಮತ್ತು ಬಿಡಿಭಾರಗಳು ಪರಸ್ಪರ ವೈರಿಗಳಲ್ಲ. ಗರಡಿಯ ಉಸ್ತಾದರ ಕಣ್ಣು ಮಾಡುತ್ತಿದ್ದ ಕೆಲಸವನ್ನು ಯಂತ್ರವು ಸ್ವಲ್ಪಮಟ್ಟಿಗೆ ಮಾಡಬಲ್ಲದು, ಪೂರ್ತಿಯಾಗಿ ಮಾಡಲಾರದು. ಬಂಡವಾಳ ಹೂಡುವವರು ಕಬ್ಬಿಣದ ಬೆಲೆಯನ್ನು ಕೇಳುವ ಮೊದಲು ಆ ಕಣ್ಣಿನ ಬೆಲೆಯನ್ನು ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರೆ, ಉಳಿದ ಆಯ್ಕೆಗಳು ತಾವಾಗಿಯೇ ಸುಲಭವಾಗುತ್ತವೆ.